ಆಲೂಗಡ್ಡೆಯ ಉಸಿರು

ಹೆಚ್ಚಿಟ್ಟ ಆಲೂಗಡ್ಡೆಯ ಹೋಳು ಸ್ವಲ್ಪ ಹೊತ್ತಿನಲ್ಲಿಯೇ ಕಂದುಬಣ್ಣಕ್ಕೆ ತಿರುಗುವುದನ್ನು ನೋಡದವರಿಲ್ಲ. ಬದನೆಕಾಯಿಯ ಗುಣವೂ ಅದೇ. ಆದುದರಿಂದಲೇ ಮನೆಗಳಲ್ಲಿ ಅಡುಗೆ ಮಾಡುವವರು ಹೋಳುಗಳನ್ನು ಹೆಚ್ಚಿದ ಕೂಡಲೇ ನೀರು ತುಂಬಿದ ಪಾತ್ರೆಗೆ ಹಾಕುತ್ತಾರೆ. ಏಕೆಂದು ಕೇಳಿದರೆ, "ಹಾಗೆಯೇ ಬಿಟ್ಟರೆ ಕಪ್ಪಾಗುತ್ತದೆ" ಎಂಬ ಉತ್ತರ ಬರುತ್ತದೆ. ಉತ್ತರವೇನೋ ಸರಿಯಾದುದೇ. ಆದರೆ ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಏಳುತ್ತವೆ. ಗಾಳಿ ಸೋಕಿದೊಡನೆ ಹೋಳಿನಲ್ಲಿ ನಡೆಯುವುದೇನು? ಮೂಗಿಲ್ಲದ, ಬಾಯಿಲ್ಲದ, ಮಣ್ಣಿನಲ್ಲಿ ಹುದುಗಿಕೊಂಡು ಬೆಳೆಯುವ ಈ ಗೆಡ್ಡೆಯೂ ಮನುಷ್ಯನಂತೆ ಉಸಿರಾಡುತ್ತದೆಯೆ?

ಇಂತಹ ಪ್ರಶ್ನೆಯನ್ನು ಕೈಗೆತ್ತಿಕೊಂಡು 1930ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ಭಾರತದ ತರುಣಿಯೊಬ್ಬರು ದುಡಿದರು. ಅವರು ಅಲ್ಲಿ ಇದ್ದುದು ಸುಮಾರು ಎರಡು ವರ್ಷ ಮಾತ್ರ. ಆದರೆ ಆ ಎರಡು ವರ್ಷಗಳನ್ನು ಪಡೆಯಲು ಅವರು ತೆತ್ತ ಬೆಲೆ ದೊಡ್ಡದು. ಆ ತರುಣಿಯ ಹೆಸರು ಕಮಲಾ ಭಾಗವತ್. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಅವರು ಪ್ರಸಿದ್ಧರಾದರು.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮನೆಯಲ್ಲಿ ವಿದ್ಯೆಯ ಗಾಳಿ ತುಂಬಿತ್ತು. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನವನ್ನು ಓದಿದವರು. ಬೆಂಗಳೂರಿನಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದ ವಿದ್ಯಾರ್ಥಿಗಳು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ಹಿರಿಯ ಬರಹಗಾರ್ತಿ ಎಂದು ಹೆಸರಾದರು. ಇಂತಹ ಮನೆಯ ಹುಡುಗಿ ತಂದೆಯ ದಾರಿಯಲ್ಲಿಯೇ ನಡೆಯಬಯಸಿದುದು ಸಹಜವಾಗಿದ್ದಿತು. 1933ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನ ವಿಜ್ಞಾನ ಮತ್ತು ಭೌತವಿಜ್ಞಾನಗಳಲ್ಲಿ ಪದವಿ ಪಡೆದರು. ತೇರ್ಗಡೆಯಾದವರ ಪಟ್ಟಿಯಲ್ಲಿ ಅವರ ಹೆಸರು ಎಲ್ಲಕ್ಕಿಂತ ಮೇಲಿತ್ತು. ಮುಂದಿನ ವ್ಯಾಸಂಗಕ್ಕಾಗಿ ಅವರು ಬೆಂಗಳೂರಿನ ಸಂಸ್ಥೆಗೆ ಅರ್ಜಿ ಹಾಕಿಕೊಂಡರು.

ಅರ್ಜಿ ತಿರಸ್ಕೃತವಾಯಿತು. ಅಂಕಗಳ ಕೊರತೆ ಅದಕ್ಕೆ ಕಾರಣವಾಗಿರಲಿಲ್ಲ. ಅರ್ಜಿದಾರರು ಹೆಂಗಸು ಎಂಬುದೊಂದೇ ಕಾರಣವಾಗಿದ್ದಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ಭಾರತದ ಕೀರ್ತಿಯನ್ನು ಜಗತ್ತಿನಲ್ಲೆಲ್ಲ ಹಬ್ಬಿಸಿದ್ದ ಮಹಾವಿಜ್ಞಾನಿ ಅವರು. ಆದರೆ ಸಂಶೋಧನೆ ಹೆಣ್ಣುಮಕ್ಕಳಿಗೆ ತಕ್ಕ ಕೆಲಸವೆಂದು ಅವರಿಗೆ ತೋರಿರಲಿಲ್ಲ. ತಂದೆ ಮತ್ತು ಚಿಕ್ಕಪ್ಪ ಬೇಡಿಕೊಂಡರೂ ಫಲವಾಗಲಿಲ್ಲ.

ಇಪ್ಪತ್ತೆರಡರ ಆಸುಪಾಸಿನ ಆ ತರುಣಿ ಸುಮ್ಮನಿರಲಿಲ್ಲ. ತಾವೇ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತರು. ತಮ್ಮನ್ನು ಸೇರಿಸಿಕೊಳ್ಳದಿರಲು ಕಾರಣವೇನೆಂದು ಕೇಳಿದರು. ದೇಶದಲ್ಲಿ ಗಾಂಧೀಜಿಯವರ ಸತ್ಯಾಗ್ರಹದ ಮಾತು ಮನೆಮನೆಯಲ್ಲಿ ಕೇಳಿಬರುತ್ತಿದ್ದ ಕಾಲ ಅದು. ಪ್ರವೇಶ ದೊರೆಯುವವರೆಗೆ ತಾವೂ ಕಚೇರಿಯ ಬಾಗಿಲಲ್ಲಿ ಸತ್ಯಾಗ್ರಹ ಹೂಡುವುದಾಗಿ ಕಮಲಾ ತಿಳಿಸಿದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಕೊನೆಗೆ ರಾಮನ್ ಒಪ್ಪಿದರು. ಆದರೆ ಆ ಒಪ್ಪಿಗೆಗೆ ಷರತ್ತುಗಳಿದ್ದವು. ಮೊದಲ ಒಂದು ವರ್ಷ ಕಮಲಾ ಪರೀಕ್ಷಾರ್ಥಿಯಾಗಿ ಇರಬೇಕು. ಕೆಲಸ ತೃಪ್ತಿಕರವೆಂದು ನಿರ್ದೇಶಕರಿಗೆ ತೋರುವವರೆಗೆ ಅದಕ್ಕೆ ಮಾನ್ಯತೆಯಿಲ್ಲ. ಅವರ ಇರುವಿಕೆಯಿಂದ ಇತರ ವಿದ್ಯಾರ್ಥಿಗಳ ಮನಸ್ಸು ಚೆದುರಬಾರದು.

ಈ ಷರತ್ತುಗಳನ್ನು ಒಪ್ಪಿಕೊಳ್ಳುವಾಗ ಕಮಲಾ ಅವರ ಮನಸ್ಸಿಗೆ ಆದ ನೋವು ಚಿಕ್ಕದಲ್ಲ. ಆದರೂ ಅವರು ಒಪ್ಪಿದರು. ಅಭಿಮಾನದಿಂದ ಹಿಂದಿರುಗಿ ಹೋಗಿದ್ದರೆ ಅವರ ಗೌರವವೇನೋ ಉಳಿಯುತ್ತಿತ್ತು. ಆದರೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಒಳಗೆ ಹೋಗಿ ಸೋತಿದ್ದರೆ, "ಹೆಂಗಸರಿಂದ ಇದು ಆಗದು ಎಂದು ಮೊದಲೇ ಹೇಳಿರಲಿಲ್ಲವೆ?" ಎಂಬ ಮಾತು ಅವರ ಹಿಂದೆ ಬರುವ ಎಲ್ಲ ಹೆಣ್ಣುಮಕ್ಕಳ ದಾರಿಗೂ ಅಡ್ಡ ಬೀಳುತ್ತಿತ್ತು. ಆ ಒಂದು ವರ್ಷ ಅವರು ಪರೀಕ್ಷೆಗೆ ಕುಳಿತುದು ತಮ್ಮೊಬ್ಬರಿಗಾಗಿ ಮಾತ್ರವಲ್ಲ.

ಬೆಂಗಳೂರಿನಲ್ಲಿ ಕಮಲಾ ಅವರಿಗೆ ದೊರೆತ ಗುರುಗಳು ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಕಟ್ಟುನಿಟ್ಟು, ಕಲಿಸುವುದರಲ್ಲಿ ಧಾರಾಳ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಅಧ್ಯಯನವನ್ನು ಕೈಗೊಂಡರು. ಭಾರತದಂತಹ ದೇಶದಲ್ಲಿ ಬಡವನ ಒಪ್ಪತ್ತಿನ ಊಟಕ್ಕೆ ಕಸುವು ತುಂಬುವುದು ಬೇಳೆ. ಆ ಬೇಳೆಯಲ್ಲಿ ಏನೇನಿದೆ, ಅದರಲ್ಲಿ ಎಷ್ಟು ಭಾಗ ದೇಹಕ್ಕೆ ದಕ್ಕುತ್ತದೆ ಎಂಬುದನ್ನು ಅಳೆದು ತಿಳಿಯುವುದು ದೇಶದ ಅನ್ನಕ್ಕೆ ಸಂಬಂಧಿಸಿದ ಕೆಲಸವೇ ಆಗಿದ್ದಿತು. ವರ್ಷ ಕಳೆದಾಗ ರಾಮನ್ ಅವರಿಗೆ ತೃಪ್ತಿಯಾಯಿತು. ಕಮಲಾ ಅವರಿಗೆ ಪೂರ್ಣ ಪ್ರವೇಶ ದೊರೆಯಿತು. ಅಷ್ಟೇ ಅಲ್ಲ, ಆ ಮೇಲೆ ಬಂದ ಹೆಣ್ಣುಮಕ್ಕಳಿಗೂ ಸಂಸ್ಥೆಯ ಬಾಗಿಲು ತೆರೆಯಿತು. ಮುಂದೆ 1940ರಲ್ಲಿ ಅನ್ನಾ ಮಣಿ ಎಂಬ ವಿದ್ಯಾರ್ಥಿನಿ ಸ್ವತಃ ರಾಮನ್ ಅವರ ಪ್ರಯೋಗಶಾಲೆಯಲ್ಲಿಯೇ ಸೇರಿಕೊಂಡು, ಕಾಲಕ್ರಮದಲ್ಲಿ ಭಾರತದ ಹವಾಮಾನ ವಿಜ್ಞಾನಿಗಳಲ್ಲಿ ಅಗ್ರಗಣ್ಯರೆನಿಸಿದರು.

1936ರಲ್ಲಿ ಕಮಲಾ ಎಂ.ಎಸ್‌ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ಮರುವರ್ಷ, 1937ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ಗೆ ಹೊರಟರು. ಅಂದು ಇಂಗ್ಲೆಂಡಿಗೆ ಹೋಗುವುದೆಂದರೆ ಹಡಗಿನ ಪ್ರಯಾಣ; ಅರಬ್ಬೀ ಸಮುದ್ರವನ್ನು ದಾಟಿ, ಸೂಯೆಜ್ ಕಾಲುವೆಯನ್ನು ಹಾದು, ಎಷ್ಟೋ ದಿನ ನೀರಿನ ಮೇಲೆಯೇ ಕಳೆಯಬೇಕು. ಒಮ್ಮೆ ಹೋದವರು ವರ್ಷಗಳ ಕಾಲ ಮನೆಯವರ ಮುಖ ನೋಡುವಂತಿರಲಿಲ್ಲ, ಕಾಗದವೊಂದೇ ಆಸರೆ.

ಕೇಂಬ್ರಿಜ್ ಪಟ್ಟಣ ಕ್ಯಾಮ್ ಎಂಬ ಪುಟ್ಟ ನದಿಯ ದಡದಲ್ಲಿದೆ. ವಿಶ್ವವಿದ್ಯಾಲಯ ಹದಿಮೂರನೆಯ ಶತಮಾನದಷ್ಟು ಹಳೆಯದು. ನ್ಯೂಟನ್ ಅಲ್ಲಿ ಓದಿದರು, ಅಲ್ಲಿಯೇ ಕಲಿಸಿದರು. ಕಮಲಾ ಅಲ್ಲಿ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಅದು ಹೆಣ್ಣುಮಕ್ಕಳಿಗಾಗಿ 1871ರಲ್ಲಿ ಆರಂಭವಾದ ಸಂಸ್ಥೆ. ಬೆಂಗಳೂರಿನ ಬಾಗಿಲಲ್ಲಿ ಕಾದು ಬಂದವರಿಗೆ ಕೇಂಬ್ರಿಜ್‌ನ ಬಾಗಿಲು ಹಾರು ಹೊಡೆದಿತ್ತೆಂದು ಯಾರಾದರೂ ಭಾವಿಸಬಹುದು. ಆದರೆ ಸಂಗತಿ ಹಾಗಿರಲಿಲ್ಲ.

ಆ ವಿಶ್ವವಿದ್ಯಾಲಯದಲ್ಲಿ ಹೆಂಗಸರು ಓದಬಹುದಿತ್ತು, ಪರೀಕ್ಷೆಗೆ ಕೂಡಬಹುದಿತ್ತು, ಗಂಡಸರಿಗಿಂತ ಹೆಚ್ಚು ಅಂಕಗಳನ್ನೂ ಗಳಿಸಬಹುದಿತ್ತು. ಆದರೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರಾಗುವ ಹಕ್ಕು ಅವರಿಗೆ ಇರಲಿಲ್ಲ. 1921ರಲ್ಲಿ ಈ ಪ್ರಶ್ನೆ ಮತದಾನಕ್ಕೆ ಬಂದಾಗ ಗಂಡಸರ ಮತದಿಂದ ಅದು ಬಿದ್ದುಹೋಯಿತು. ಹೆಂಗಸರಿಗೆ ಪದವಿಯ ಹೆಸರನ್ನು ಮಾತ್ರ ಕೊಡುವುದು, ಅದಕ್ಕೆ ಸೇರಿದ ಅಧಿಕಾರವನ್ನು ಕೊಡದಿರುವುದು ಎಂದು ತೀರ್ಮಾನವಾಯಿತು. ಗೆದ್ದ ಉತ್ಸಾಹದಲ್ಲಿ ಕೆಲವು ವಿದ್ಯಾರ್ಥಿಗಳು ಕೈಗಾಡಿಯೊಂದನ್ನು ನೂಕಿಕೊಂಡು ಬಂದು ನ್ಯೂನ್‌ಹ್ಯಾಮ್ ಕಾಲೇಜಿನ ಕಂಚಿನ ಬಾಗಿಲಿಗೆ ಗುದ್ದಿ ಅದನ್ನು ಜಖಂಗೊಳಿಸಿದರು. ಕಮಲಾ ಆ ಕಾಲೇಜನ್ನು ಸೇರುವ ವೇಳೆಗೆ ಇದು ನಡೆದು ಹದಿನಾರು ವರ್ಷಗಳಾಗಿದ್ದವು. ಆದರೆ ನಿಯಮ ಇನ್ನೂ ಬದಲಾಗಿರಲಿಲ್ಲ. ಹೆಣ್ಣನ್ನು ಹೊರಗೆ ನಿಲ್ಲಿಸುವ ಬುದ್ಧಿ ಒಂದು ದೇಶದ ಸೊತ್ತಲ್ಲವೆಂಬುದು ಅವರಿಗೆ ಅಲ್ಲಿ ಕಂಡಿರಬೇಕು.

ಆದರೆ ಅದೇ ಕೇಂಬ್ರಿಜ್‌ನಲ್ಲಿ ಬೇರೆ ಬಗೆಯ ಒಂದು ಮನೆಯೂ ಇದ್ದಿತು. ಅದು ಸರ್ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗ. ಬರಿಯ ಶುದ್ಧೀಕರಿಸಿದ ಆಹಾರವನ್ನು ತಿಂದ ಇಲಿಮರಿಗಳು ಬೆಳೆಯುವುದಿಲ್ಲ, ಅದರೊಡನೆ ದಿನಕ್ಕೆ ಒಂದಿಷ್ಟೇ ಹಾಲು ಸೇರಿಸಿದರೆ ಬೆಳೆಯುತ್ತವೆ ಎಂಬುದನ್ನು ಹಾಪ್ಕಿನ್ಸ್ 1912ರಲ್ಲಿ ತೋರಿಸಿಕೊಟ್ಟಿದ್ದರು. ಇಂದು ವಿಟಮಿನ್ ಎಂದು ಕರೆಯುವ ಪದಾರ್ಥಗಳ ಅರಿವಿಗೆ ಆ ಪ್ರಯೋಗ ದಾರಿಯಾಯಿತು. ಅದಕ್ಕಾಗಿ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಮ್ಮ ಪ್ರಯೋಗಶಾಲೆಯಲ್ಲಿ ಹೆಂಗಸರಿಗೆ ಧಾರಾಳವಾಗಿ ಸ್ಥಾನ ಕೊಟ್ಟ ಅಪರೂಪದ ಪ್ರಾಧ್ಯಾಪಕರು ಅವರು. ಅಲ್ಲಿ ದುಡಿದ ಮಾರ್ಜರಿ ಸ್ಟೀಫನ್‌ಸನ್ 1945ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ಪಡೆದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು. ನಿಯಮವನ್ನು ತಿದ್ದುವುದು ಒಬ್ಬರ ಕೈಯಲ್ಲಿ ಇರಲಾರದು. ಆದರೆ ತನ್ನ ಕೈಯಲ್ಲಿರುವ ಒಂದು ಕೊಠಡಿಯನ್ನು ನ್ಯಾಯವಾಗಿ ನಡೆಸುವುದು ಯಾರಿಗಾದರೂ ಸಾಧ್ಯ. ಹಾಪ್ಕಿನ್ಸ್ ಮಾಡಿದುದು ಅದನ್ನೇ.

ಕಮಲಾ ಮೊದಲು ಕೆಲಸ ಮಾಡಿದುದು ಡೆರಿಕ್ ರಿಕ್ಟರ್ ಎಂಬ ತರುಣ ವಿಜ್ಞಾನಿಯ ಜೊತೆಯಲ್ಲಿ. ಪ್ರಾಣಿಗಳ ದೇಹದಲ್ಲಿ ಕೆಲವು ಪದಾರ್ಥಗಳನ್ನು ಆಮ್ಲಜನಕದೊಡನೆ ಕೂಡಿಸುವ ಕಿಣ್ವಗಳು ಅವರ ಅಧ್ಯಯನದ ವಿಷಯ. ಇಬ್ಬರ ಹೆಸರಿನಲ್ಲಿ 1938ರಲ್ಲಿ ಲೇಖನವೂ ಪ್ರಕಟವಾಯಿತು. ಆದರೆ ರಿಕ್ಟರ್ ಬೇರೆ ಕಡೆ ಕೆಲಸಕ್ಕೆ ಹೋದರು. ಸಂಶೋಧನೆಯ ನಡುವೆ ಮಾರ್ಗದರ್ಶಕರು ಹೊರಟುಹೋದರೆ ವಿದ್ಯಾರ್ಥಿಯ ಪಾಡು ನಡುನೀರಿನಲ್ಲಿ ಹುಟ್ಟು ಕಳೆದುಕೊಂಡ ದೋಣಿಯಂತಾಗುತ್ತದೆ. ಕಮಲಾ ಎದೆಗುಂದಲಿಲ್ಲ. ರಾಬಿನ್ ಹಿಲ್ ಎಂಬವರ ಬಳಿಗೆ ಹೋಗಿ, ಪ್ರಾಣಿಗಳನ್ನು ಬಿಟ್ಟು ಸಸ್ಯಗಳ ಅಧ್ಯಯನಕ್ಕೆ ತೊಡಗಿದರು.

ರಾಬಿನ್ ಹಿಲ್ ಸಸ್ಯಗಳ ಗುಟ್ಟನ್ನು ಅರಿಯುವುದಕ್ಕೆಂದೇ ಬಾಳನ್ನು ಮುಡಿಪಿಟ್ಟವರು. ಎಲೆಯಿಂದ ಬೇರ್ಪಡಿಸಿದ ಹಸಿರು ಕಣಗಳು ತಕ್ಕ ಏರ್ಪಾಡಿನಲ್ಲಿ ಬೆಳಕು ಬಿದ್ದಾಗ ತಾವಾಗಿಯೇ ಆಮ್ಲಜನಕವನ್ನು ಹೊರಬಿಡುತ್ತವೆ ಎಂದು ಅವರು ಆ 1937ರಲ್ಲಿಯೇ ತೋರಿಸಿದ್ದರು. ಆ ಕ್ರಿಯೆಗೆ ಇಂದಿಗೂ ಅವರ ಹೆಸರೇ ಇದೆ. ಈಗ ಅವರ ಮತ್ತು ಅವರ ಹೊಸ ವಿದ್ಯಾರ್ಥಿನಿಯ ಮುಂದೆ ಇದ್ದುದು ಬೇರೆ ಪ್ರಶ್ನೆ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಸಿರಾಟವೆಂದರೆ ಮೂಗಿನಿಂದ ಗಾಳಿಯನ್ನು ಸೆಳೆದು ಬಿಡುವುದಷ್ಟೇ ಅಲ್ಲ. ಒಳಗೆ ಹೋದ ಆಮ್ಲಜನಕ ಒಂದೊಂದು ಜೀವಕೋಶವನ್ನೂ ಮುಟ್ಟಬೇಕು. ಅಲ್ಲಿ ಆಹಾರದಿಂದ ಹೊರಟ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗಬೇಕು. ಹಾಗಾಗುವಾಗ ಹೊರಬರುವ ಶಕ್ತಿಯಿಂದಲೇ ಜೀವ ನಡೆಯುತ್ತದೆ. ಊರಿನಲ್ಲಿ ಬೆಂಕಿ ಬಿದ್ದಾಗ ಜನರು ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ನೀರಿನ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರೂ ಕದಲುವುದಿಲ್ಲ, ಕೊಡ ಮಾತ್ರ ಸಾಗುತ್ತದೆ. ಜೀವಕೋಶದಲ್ಲಿಯೂ ಇಂತಹ ಸಾಲೊಂದಿದೆ. ಎಲೆಕ್ಟ್ರಾನನ್ನು ಒಂದು ಕೈಯಿಂದ ಪಡೆದು ಇನ್ನೊಂದು ಕೈಗೆ ದಾಟಿಸುವ ಆ ಸಾಲಿನವರಲ್ಲಿ ಸೈಟೋಕ್ರೋಮ್ ಎಂಬ ಪದಾರ್ಥಗಳು ಮುಖ್ಯವಾದವು. ಅವುಗಳ ಒಡಲಿನಲ್ಲಿರುವ ಕಬ್ಬಿಣವೇ ಈ ಕೆಲಸಕ್ಕೆ ಕೈಯಿದ್ದಂತೆ.

ಈ ಪದಾರ್ಥಗಳನ್ನು 1925ರಲ್ಲಿ ಗುರುತಿಸಿ ಹೆಸರಿಟ್ಟವರು ಕೇಂಬ್ರಿಜ್‌ನವರೇ ಆದ ಡೇವಿಡ್ ಕೈಲಿನ್. ಅವರು ರೋಹಿತದರ್ಶಕವೆಂಬ ಉಪಕರಣದ ಮೂಲಕ ಕೀಟಗಳ ಮಾಂಸಖಂಡವನ್ನೂ ಯೀಸ್ಟನ್ನೂ ನೋಡುತ್ತಿದ್ದರು. ಕಾಮನಬಿಲ್ಲಿನ ಬಣ್ಣಗಳ ನಡುವೆ ಕಪ್ಪು ಪಟ್ಟೆಗಳು ಕಂಡವು. ಯೀಸ್ಟಿನ ದ್ರವವನ್ನು ಗಾಳಿಯೊಡನೆ ಚೆನ್ನಾಗಿ ಕುಲುಕಿದರೆ ಪಟ್ಟೆಗಳು ಮಾಯವಾಗುತ್ತಿದ್ದವು. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರೆ ಮತ್ತೆ ಮೂಡುತ್ತಿದ್ದವು. ಜೀವಕೋಶ ಆಮ್ಲಜನಕವನ್ನು ಬಳಸಿಕೊಳ್ಳುವುದನ್ನು ಮನುಷ್ಯನ ಕಣ್ಣು ಹೀಗೆ ನೇರವಾಗಿ ಕಂಡಿತು.

ಆದರೆ ಹಸಿರು ಗಿಡಗಳಲ್ಲಿಯೂ ಇದೇ ಏರ್ಪಾಡು ನಡೆಯುತ್ತದೆಯೆ? ಇದನ್ನು ತಿಳಿಯುವುದು ಸುಲಭವಾಗಿರಲಿಲ್ಲ. ಎಲೆಯ ಹಸಿರು ತನ್ನದೇ ಆದ ಪಟ್ಟೆಗಳಿಂದ ಉಳಿದೆಲ್ಲವನ್ನೂ ಮರೆಮಾಡುತ್ತದೆ. ಆದುದರಿಂದ ಹಸಿರಿಲ್ಲದ ಸಸ್ಯಭಾಗ ಬೇಕಾಯಿತು. ಮಣ್ಣಿನೊಳಗೆ ಬೆಳೆಯುವ ಆಲೂಗಡ್ಡೆ ಅದಕ್ಕೆ ಒದಗಿಬಂದಿತು. ಆದರೆ ಅದರಲ್ಲಿಯೂ ಒಂದು ತೊಡಕಿತ್ತು. ಹೆಚ್ಚಿದ ಹೋಳನ್ನು ಕಂದಾಗಿಸುವ ಕಿಣ್ವವೊಂದು ಅದರಲ್ಲಿದೆಯಷ್ಟೆ? ಅದು ಕೂಡ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಸಸ್ಯಗಳ ಉಸಿರಾಟವನ್ನು ನಡೆಸುವುದು ಈ ಕಂದುಗೊಳಿಸುವ ಕಿಣ್ವವೇ ಎಂದು ಕೆಲವು ವಿಜ್ಞಾನಿಗಳು ನಂಬಿದ್ದರು. ನಿಜವಾಗಿ ಉಸಿರಾಡುವವರು ಯಾರು, ಉಸಿರಾಡುವಂತೆ ತೋರುವವರು ಯಾರು ಎಂಬುದನ್ನು ಬೇರ್ಪಡಿಸಬೇಕಾಗಿದ್ದಿತು.

ಇಂತಹ ಸಂಶೋಧನೆಯ ದಿನಚರಿ ಹೊರಗಿನವರಿಗೆ ಅಷ್ಟೇನೂ ರಮ್ಯವಾಗಿ ಕಾಣದು. ಗೆಡ್ಡೆಯನ್ನು ತಣ್ಣಗಿಟ್ಟು ಅರೆಯಬೇಕು, ಬಟ್ಟೆಯಲ್ಲಿ ಸೋಸಬೇಕು, ರಸ ಕಪ್ಪಾಗುವ ಮೊದಲೇ ಅದರಲ್ಲಿರುವ ಸೂಕ್ಷ್ಮ ಕಣಗಳನ್ನು ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ ಬೇರ್ಪಡಿಸಬೇಕು, ಪುಟ್ಟ ಗಾಜಿನ ಬುರುಡೆಗಳಲ್ಲಿ ತುಂಬಿ, ಒಂದೇ ಉಷ್ಣತೆಯ ನೀರಿನಲ್ಲಿ ಅಲುಗಾಡಿಸುತ್ತ, ಎಷ್ಟು ಆಮ್ಲಜನಕ ಖರ್ಚಾಯಿತೆಂದು ನಿಮಿಷ ನಿಮಿಷಕ್ಕೂ ಬರೆದುಕೊಳ್ಳಬೇಕು. ಎರಡು ಕಿಣ್ವಗಳನ್ನು ಬೇರೆ ಬೇರೆ ಎಂದು ಗುರುತಿಸಲು ವಿಜ್ಞಾನಿಗಳಿಗೆ ಒಂದು ಉಪಾಯವೂ ತಿಳಿದಿತ್ತು. ಕಾರ್ಬನ್ ಮಾನಾಕ್ಸೈಡ್ ಅನಿಲ ಎರಡನ್ನೂ ತಡೆಯುತ್ತದೆ. ಆದರೆ ಪ್ರಖರವಾದ ಬೆಳಕು ಬಿದ್ದರೆ ಸೈಟೋಕ್ರೋಮಿನ ಸಾಲಿನ ಕೊನೆಯಲ್ಲಿರುವ ಕಿಣ್ವ ಆ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಕಂದುಗೊಳಿಸುವ ಕಿಣ್ವಕ್ಕೆ ಆ ಶಕ್ತಿಯಿಲ್ಲ. ಕತ್ತಲೆಯಲ್ಲಿ ಒಮ್ಮೆ, ಬೆಳಕಿನಲ್ಲಿ ಒಮ್ಮೆ ಅಳೆದು ನೋಡಿದರೆ ಗುಟ್ಟು ಹೊರಬೀಳುತ್ತದೆ. ಒಂದು ಅಳತೆ ತಪ್ಪಿದರೆ ಮತ್ತೆ ಮೊದಲಿನಿಂದ ಗೆಡ್ಡೆಯ ಸಿಪ್ಪೆ ಸುಲಿಯಬೇಕು.

ಕೊನೆಗೆ ಉತ್ತರ ದೊರೆಯಿತು. ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಇದೆ, ಅವುಗಳ ಉಸಿರಾಟದಲ್ಲಿ ಅದಕ್ಕೆ ಪಾತ್ರವಿದೆ ಎಂದು ಕಮಲಾ ಕಂಡುಕೊಂಡರು. ಹೂಬಿಡುವ ಸಸ್ಯಗಳಲ್ಲಿ ಸೈಟೋಕ್ರೋಮಿನಿಂದ ಎಲೆಕ್ಟ್ರಾನನ್ನು ಪಡೆದು ಆಮ್ಲಜನಕಕ್ಕೆ ಒಪ್ಪಿಸುವ ಕಿಣ್ವದ ವಿಷಯವಾಗಿ ಹಿಲ್ ಮತ್ತು ಭಾಗವತ್ ಇಬ್ಬರ ಹೆಸರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ 1939ರಲ್ಲಿ ಟಿಪ್ಪಣಿಯೊಂದು ಪ್ರಕಟವಾಯಿತು. ಆಲೂಗಡ್ಡೆಯ ಉಸಿರಾಟದಲ್ಲಿ ಮುಖ್ಯ ಪಾತ್ರ ಸೈಟೋಕ್ರೋಮಿನ ಸಾಲಿನದೇ ಹೊರತು ಕಂದುಬಣ್ಣದ ಕಿಣ್ವದ್ದಲ್ಲ ಎಂಬುದು ಮುಂದಿನ ವರ್ಷಗಳಲ್ಲಿ ಹಲವರ ದುಡಿಮೆಯಿಂದ ಸ್ಥಿರಪಟ್ಟಿತು. ಮನುಷ್ಯನ ಸೈಟೋಕ್ರೋಮ್ ಸಿ 104 ಅಮೈನೋ ಆಮ್ಲಗಳ ಒಂದು ಸರಪಳಿಯೆಂದು ಇಂದು ತಿಳಿದಿದೆ. ಅದಕ್ಕೆ ಬಹಳ ಹತ್ತಿರವಾದ ಸರಪಳಿಗಳು ಯೀಸ್ಟಿನಲ್ಲಿಯೂ ಇವೆ, ಗಿಡದಲ್ಲಿಯೂ ಇವೆ. ತೋಟದ ಗಿಡವೂ ಅದನ್ನು ನೆಟ್ಟವನೂ ಉಸಿರಿನಲ್ಲಿ ನಂಟರು.

ಕಮಲಾ ತಮ್ಮ ಸಂಶೋಧನೆಯನ್ನು ಮಹಾಪ್ರಬಂಧವಾಗಿ ಬರೆದು ಒಪ್ಪಿಸಿದರು. ಅದು ಸುಮಾರು ನಲವತ್ತು ಪುಟಗಳಷ್ಟೇ ಇದ್ದಿತು. ನೂರಾರು ಪುಟಗಳ ಪ್ರಬಂಧಗಳ ನಡುವೆ ಅದು ತೀರ ಸಣ್ಣದು. ಆದರೆ ಪರೀಕ್ಷಕರು ಪುಟಗಳನ್ನು ಎಣಿಸಲಿಲ್ಲ, ಒಳಗಿದ್ದುದನ್ನು ತೂಗಿದರು. ಹೇಳಬೇಕಾದುದು ಸ್ಪಷ್ಟವಾಗಿದ್ದರೆ ಮಾತು ತಾನೇ ಚಿಕ್ಕದಾಗುತ್ತದೆ. ಮಾತು ಬೆಳೆಯುವುದು ಹಲವೊಮ್ಮೆ ವಿಷಯ ಕೈಗೆ ಸಿಕ್ಕದಿರುವಾಗ. ಊರು ಬಿಟ್ಟು ಎರಡು ವರ್ಷ ತುಂಬುವ ವೇಳೆಗೆ, 1939ರಲ್ಲಿ, ಅವರಿಗೆ ಪಿಎಚ್.ಡಿ. ಪ್ರಾಪ್ತವಾಯಿತು. ವಿಜ್ಞಾನದಲ್ಲಿ ಆ ಪದವಿಯನ್ನು ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಕರೆಯುವುದುಂಟು.

ಆದರೆ ಆ ಪದವಿಯೂ 1921ರ ತೀರ್ಮಾನದ ನೆರಳಿನಲ್ಲಿಯೇ ಬಂದಿತು. ಅವರು ಡಾಕ್ಟರ್ ಎಂದು ಕರೆಸಿಕೊಳ್ಳಬಹುದಾಗಿದ್ದಿತು. ವಿಶ್ವವಿದ್ಯಾಲಯದ ಆಡಳಿತದಲ್ಲಿ ಮತ ಹಾಕುವ ಹಕ್ಕು ಮಾತ್ರ ಇರಲಿಲ್ಲ. ಕೇಂಬ್ರಿಜ್ ತನ್ನ ನಿಯಮವನ್ನು ತಿದ್ದಿಕೊಂಡು ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡತೊಡಗಿದುದು 1948ರಲ್ಲಿ. ಆ ಹೊತ್ತಿಗೆ ಕಮಲಾ ಭಾರತಕ್ಕೆ ಮರಳಿ ಒಂಬತ್ತು ವರ್ಷಗಳಾಗಿದ್ದವು.

ಅವರು ಅಲ್ಲಿಯೇ ಉಳಿಯಬಹುದಾಗಿದ್ದಿತು. ಕೆಲಸ ಬಲ್ಲವರಿಗೆ ಕೆಲಸ ಎಲ್ಲಿಯೂ ದೊರೆಯುತ್ತದೆ. ಆದರೆ 1939ರಲ್ಲಿಯೇ ಅವರು ಸ್ವದೇಶಕ್ಕೆ ಹಿಂದಿರುಗಿದರು. ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗವನ್ನು ನೋಡಿಕೊಂಡರು. ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ವಿಟಮಿನ್‌ಗಳ ಬಗೆಗೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ನಿರ್ದೇಶಕರೂ ಆದರು. ಒಮ್ಮೆ ನಿರ್ದೇಶಕರ ಕಚೇರಿಯ ಬಾಗಿಲಲ್ಲಿ ನಿಂತಿದ್ದವರು ಕೊನೆಗೆ ನಿರ್ದೇಶಕರ ಕುರ್ಚಿಯಲ್ಲಿಯೇ ಕುಳಿತರು.

ಕೇಂಬ್ರಿಜ್‌ನಲ್ಲಿ ಕಲಿತುದನ್ನು ಅವರು ಬಡವರ ತಟ್ಟೆಯ ಕಡೆಗೆ ತಿರುಗಿಸಿದರು. ಬೇಳೆಕಾಳು, ಅಕ್ಕಿಹಿಟ್ಟು ಮುಂತಾಗಿ ಸಾಮಾನ್ಯರು ಉಣ್ಣುವ ಆಹಾರದ ಸತ್ತ್ವವನ್ನು ತಮ್ಮ ವಿದ್ಯಾರ್ಥಿಗಳೊಡನೆ ಅಧ್ಯಯನ ಮಾಡಿದರು. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸೂಚನೆಯಂತೆ, ತಾಳೆಯ ಜಾತಿಯ ಮರಗಳಿಂದ ಇಳಿಸುವ ನೀರಾ ಎಂಬ ಪಾನೀಯವನ್ನು ಪರೀಕ್ಷಿಸಿ, ಅದರಲ್ಲಿ ವಿಟಮಿನ್‌ಗಳೂ ಕಬ್ಬಿಣವೂ ಇವೆಯೆಂದೂ ಪುಷ್ಟಿ ಸಾಲದ ಮಕ್ಕಳಿಗೆ ಅದು ಹಿತಕರವೆಂದೂ ತೋರಿಸಿದರು. ಇದಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ನಿವೃತ್ತಿಯ ಅನಂತರವೂ ಅವರು ಸುಮ್ಮನೆ ಕುಳಿತವರಲ್ಲ. ಗ್ರಾಹಕರ ಹಿತಕ್ಕಾಗಿ ದುಡಿಯುವ ಸಂಸ್ಥೆಯನ್ನು ಸೇರಿ, ಆಹಾರದ ಕಲಬೆರಕೆಯ ವಿರುದ್ಧ ಜನರಲ್ಲಿ ತಿಳಿವಳಿಕೆ ಮೂಡಿಸಿದರು. 1998ರಲ್ಲಿ ಅವರು ತೀರಿಕೊಂಡರು.

ಬೆಂಗಳೂರಿನ ಆ ಮೊದಲ ವರ್ಷದ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಇಳಿವಯಸ್ಸಿನಲ್ಲಿಯೂ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ರಾಮನ್ ಮಹಾವಿಜ್ಞಾನಿಯೆಂಬುದನ್ನು ಅವರು ಎಂದೂ ಅಲ್ಲಗಳೆಯಲಿಲ್ಲ. ತಮಗೆ ಆದುದು ಅನ್ಯಾಯವೆಂಬುದನ್ನೂ ಬಚ್ಚಿಡಲಿಲ್ಲ. ಎರಡೂ ಸತ್ಯವೇ. ಬೆಳಕಿನ ಗುಟ್ಟನ್ನು ಬಿಡಿಸಿದ ಕಣ್ಣಿಗೂ ಎದುರಿಗೆ ನಿಂತ ಒಬ್ಬ ಹುಡುಗಿಯ ಯೋಗ್ಯತೆ ಕಾಣಲು ಒಂದು ವರ್ಷ ಬೇಕಾಯಿತು. ಅಂತಹವರಿಗೇ ಹೀಗಾದರೆ, ಉಳಿದವರು ಇತರರನ್ನು ಅಳೆಯುವಾಗ ಇನ್ನೆಷ್ಟು ಎಚ್ಚರದಿಂದಿರಬೇಕು!

ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುವ ಕೆಲಸ ಇಂದಿಗೂ ನಡೆಯುತ್ತಲೇ ಇದೆ. ತಲೆತಲಾಂತರದಿಂದ ಅದನ್ನು ಹೆಚ್ಚುತ್ತ ಬಂದವರು ಹೆಂಗಸರು. ಹೋಳು ಕಂದಾಗುವುದನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ. ಆದರೆ ಅದು ಏಕೆ ಹಾಗಾಗುತ್ತದೆಂದು ಕೇಳುವ ಅವಕಾಶ ಅವರಲ್ಲಿ ಎಷ್ಟು ಮಂದಿಗೆ ದೊರೆತೀತು? ಒಬ್ಬರಿಗೆ ದೊರೆಯಿತು, ಅದೂ ಬೆಂಗಳೂರಿನ ಒಂದು ಬಾಗಿಲಲ್ಲಿ ಹಟ ಹಿಡಿದು ನಿಂತುದರಿಂದ.